ಅಳಿಸದೆ ಉಳಿದ ಕರಡಿಗೆ

ಬಾಗಲಗುಂಟೆ, ಬೆಂಗಳೂರು
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮಗಳು ಭಾಗ್ಯಾ,

ಅಪ್ಪನ ಕಾಗದ ಬಂತೆಂದು ಎದೆ ಒಡೆದುಕೊಳ್ಳಬೇಡ, ನಾವಿಬ್ಬರೂ ನೆಟ್ಟಗಿದ್ದೇವೆ. ನಿನ್ನ ಸೊಂಟನೋವು ಈಗ ಹೇಗಿದೆ? ದಿನವಿಡೀ ನಿಂತೇ ಪಾಠ ಮಾಡುತ್ತೀಯೆಂದು ಅಳಿಯಂದಿರು ಹೇಳಿದರು. ಸರ್ಕಾರ ಶಾಲೆಗೆ ಕುರ್ಚಿ ಕೊಟ್ಟಿರುವುದು ಕೂರಲಿಕ್ಕೆ ತಾಯಿ, ಧೂಳು ಒರೆಸಲಿಕ್ಕಲ್ಲ. ಅಳಿಯ ಸೋಮನಾಥ ಅವರ ಕೆಮ್ಮು ಹೋಯಿತೆ? ಹುಮನಾಬಾದಿನಲ್ಲಿ ಬಿಸಿಲು ಶುರುವಾಗಿರಬೇಕು, ಇಲ್ಲಿ ಇನ್ನೂ ಬೆಳಗಿನ ಹೊತ್ತು ಮಫ್ಲರ್ ಬೇಕು. ನಾನು ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಅಡುಗೆ ನಾನೇ ಮಾಡುತ್ತೇನೆ. ನಾನು ಬಡಿದ ರೊಟ್ಟಿ ಒಂದೂ ದುಂಡಗೆ ಬರುವುದಿಲ್ಲ, ಆದರೂ ಹೊಟ್ಟೆಗೆ ಹೋಗುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು "ಹೂಂ ಅಪ್ಪಾ, ಆರಾಮ ಅದೀನಿ" ಅನ್ನುತ್ತೀ, ನಾನು "ಹಾಂ, ಊಟ ಆಯ್ತಾ" ಅನ್ನುತ್ತೇನೆ, ಮುಗಿಯಿತು. ಕಳೆದ ವಾರ ಗಡಿಯಾರ ನೋಡಿದೆ, ಒಂದೂವರೆ ನಿಮಿಷ ಮಾತಾಡಿದ್ದೇವೆ. ಕಾಗದವಾದರೆ ನೀನು ನಡುವೆ ಕಟ್ ಮಾಡುವಂತಿಲ್ಲ. ಇನ್‌ಲ್ಯಾಂಡ್ ಪತ್ರಕ್ಕೆಂದು ಇಲ್ಲಿ ಮೂರು ಅಂಗಡಿ ತಿರುಗಿದೆ. ಮೂರನೇ ಅಂಗಡಿಯ ಹುಡುಗಿ "ಅಂಕಲ್, ಹಾಗಂದ್ರೆ ಏನು?" ಅಂದಳು. ಕೊನೆಗೆ ಕೆಳಗಿನ ಮನೆಯ ನೂರೀನಳ ಕಾಪಿ ಬುಕ್ಕಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಗೆರೆಯ ಹಾಳೆ, ಅಕ್ಷರ ಅಡ್ಡಾದಿಡ್ಡಿ ಹೋದರೆ ನನ್ನದೇ ತಪ್ಪು.

ನಿನ್ನ ತಮ್ಮ ಕಿರಣನ ವಿಷಯ ಬರೆಯಬೇಕಾಗಿದೆ. ಅವನ ಹೆಸರು ಕಂಡ ಕೂಡಲೇ ಮಡಿಚಿಡಬೇಡ. ಅವನ ಕಾಲೇಜಿನಲ್ಲಿ ಇದೇ ತಿಂಗಳು ಇಪ್ಪತ್ತಕ್ಕೆ ಆ ಸಿನಿಮಾ ಒಪ್ಪಿಸಬೇಕು. ಒಪ್ಪಿಸದಿದ್ದರೆ ಈ ವರ್ಷ ಪಾಸಿಲ್ಲ. ನಿಮ್ಮವ್ವ ಹೋದ ದಿನದಿಂದ ಐವತ್ತು ದಿನ ಅವನು ಆ ಕಂಪ್ಯೂಟರನ್ನು ಮುಟ್ಟಿರಲಿಲ್ಲ. ಕಳೆದ ವಾರ ಕಾಲೇಜು ಬಿಡುವ ಅರ್ಜಿ ತಂದು ನನ್ನ ಮುಂದಿಟ್ಟು ಸಹಿ ಕೇಳಿದ. ದಾಸರಹಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ನೋಡಿಕೊಂಡಿದ್ದಾನಂತೆ. ಪೆನ್ನಿನಲ್ಲಿ ಮಸಿ ಇಲ್ಲ ಎಂದು ಹೇಳಿದೆ. ಮರುದಿನ ಅವನೇ ಹೊಸ ಪೆನ್ನು ತಂದ. ಆ ಪೆನ್ನಿನಿಂದಲೇ ಈಗ ನಿನಗೆ ಬರೆಯುತ್ತಿದ್ದೇನೆ.

ಮಣ್ಣು ಕೊಟ್ಟು ಬಂದ ಸಂಜೆ ನೀನು ಅವನಿಗೆ ಅಂದ ಮಾತು ಇನ್ನೂ ಈ ಮನೆಯಲ್ಲೇ ಇದೆ ಭಾಗ್ಯಾ. "ಹತ್ತೊಂಬತ್ತ ಸಲ ಎತ್ತಿಸೀಯಲ್ಲೋ, ನಿನ್ನ ಸಿನಿಮಾದ ಹುಚ್ಚಿಗಿ ನಮ್ಮವ್ವನ ಜೀವ ತಿಂದೆಲ್ಲೋ" ಅಂದೆ. ನಿನ್ನನ್ನು ಬೈಯುತ್ತಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಅತ್ತುಕೊಂಡು ಬಂದವಳು, ಅವ್ವನ ಮುಖವನ್ನು ಹತ್ತು ನಿಮಿಷ ನೋಡಿದೆಯೋ ಇಲ್ಲವೋ. ಆ ಸಂಕಟದಲ್ಲಿ ಬಾಯಿಗೆ ಬಂದದ್ದು ಬಂತು. ಆದರೆ ಅವನು ಅದನ್ನು ಸಂಕಟದ ಮಾತು ಅಂದುಕೊಳ್ಳಲಿಲ್ಲ, ತೀರ್ಪು ಅಂದುಕೊಂಡ. ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಾನೆ. ಗೆಳೆಯರು ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಿ ಕಣೋ" ಎಂದು ಇಟ್ಟುಬಿಡುತ್ತಾನೆ. ಆಮೇಲೆ ಎಂಬುದು ಬಂದದ್ದನ್ನು ನಾನು ಕಂಡಿಲ್ಲ.

ಸಿನಿಮಾ ತೆಗೆದ ಆ ಭಾನುವಾರ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ. ನೀನೂ ಕೇಳಲಿಲ್ಲ. ಈಗ ಹೇಳುತ್ತೇನೆ. ನಿನ್ನ ತಮ್ಮ ಕಲಿಯುತ್ತಿರುವುದು ಇಲ್ಲದ್ದನ್ನು ಇದೆ ಎಂದೂ ಇದ್ದದ್ದನ್ನು ಇಲ್ಲ ಎಂದೂ ತೋರಿಸುವ ವಿದ್ಯೆ. ವಿಷುಯಲ್ ಎಫೆಕ್ಟ್ಸ್ ಅನ್ನುತ್ತಾರೆ. ಇದಕ್ಕೂ ಕಾಲೇಜು ಬೇಕೇ ಎಂದು ನಾನು ಎಷ್ಟು ಕುಟುಕಿದ್ದೇನೋ ನಿನಗೆ ಗೊತ್ತು. ಪೀಣ್ಯದ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಗೇಜು ಹಿಡಿದು ಗೇರಿನ ಹಲ್ಲು ಅಳೆದವನಿಗೆ, ಕೈಗೆ ಸಿಗದ ವಸ್ತು ಮಾಡುವ ಕೆಲಸ ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಆದರೆ ಅವನು ಬರೆದ ಕಥೆ ಚೆನ್ನಾಗಿತ್ತು. ಒಬ್ಬ ಸಣ್ಣ ಹುಡುಗಿ. ತಾಯಿ ಗಾರ್ಮೆಂಟ್ಸ್‌ನಿಂದ ಬರುವ ದಾರಿಯನ್ನು ಸಂಜೆ ಮಾಳಿಗೆಯ ಮೇಲೆ ನಿಂತು ನೋಡುತ್ತಿರುತ್ತಾಳೆ. ಎದುರಿಗೆ ಒಂದೊಂದೇ ಮಹಡಿ ಏಳುತ್ತಾ ಏಳುತ್ತಾ ದಾರಿ ಮುಚ್ಚಿಹೋಗುತ್ತದೆ. ಒಂದು ದಿನ ಹುಡುಗಿ ನಿಂತಲ್ಲಿಂದಲೇ ಗಾಳಿಯಲ್ಲಿ ಮೇಲೆ ಏಳುತ್ತಾಳೆ, ಬಾಗಲಗುಂಟೆ ಪೂರ್ತಿ ಕಾಲಡಿ ಕಾಣುತ್ತದೆ, ದೂರದಲ್ಲಿ ತಾಯಿ ನಡೆದು ಬರುವುದು ಕಾಣುತ್ತದೆ. ಅಷ್ಟೇ, ನಾಲ್ಕು ನಿಮಿಷ.

ಹುಡುಗಿ ನಮ್ಮ ನೂರೀನ. ಅವಳಮ್ಮ ಅಕ್ಬರಿ ನಿಜವಾಗಿಯೂ ಗಾರ್ಮೆಂಟ್ಸ್‌ಗೆ ಹೋಗುವವಳು, ಮಗು ಆರು ವರ್ಷದಿಂದ ನಿಮ್ಮವ್ವನ ಮಡಿಲಲ್ಲೇ ಬೆಳೆದದ್ದು. ಗಾಳಿಯಲ್ಲಿ ಏಳುವುದೆಂದರೆ ಯಾರೋ ಹಿಂದಿನಿಂದ ಎತ್ತಬೇಕು. ಎತ್ತುವವರು ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ ತೊಟ್ಟು, ಹಸಿರು ಪರದೆಯ ಮುಂದೆ ನಿಲ್ಲಬೇಕು. ಆಮೇಲೆ ಹಸಿರೆಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಿದರೆ ಮಗು ಒಂದೇ ಉಳಿಯುತ್ತದೆ. ಕಿರಣನ ಗೆಳೆಯನೊಬ್ಬ ಎತ್ತಬೇಕೆಂದು ಮಾತಾಗಿತ್ತು. ಆ ಕೊಡೆಕಡ್ಡಿ ಹುಡುಗ ಹಸಿರು ಮುಸುಕು ಹಾಕಿಕೊಂಡು ಹತ್ತಿರ ಬಂದದ್ದೇ ನೂರೀನ ಕಿರುಚಿ ಟ್ಯಾಂಕಿನ ಹಿಂದೆ ಅಡಗಿದಳು. ಚಾಕೊಲೇಟ್ ಕೊಟ್ಟರು, ಮೊಬೈಲ್ ಕೊಟ್ಟರು, ಊಹೂಂ. "ಅಜ್ಜೀನೇ ಎತ್ಕೋಬೇಕು" ಅಂತ ಒಂದೇ ಹಟ. ಕಿರಣ "ಬ್ಯಾಡವ್ವಾ, ಇನ್ನೊಂದಿನ ಮಾಡೋಣು" ಎಂದೇ ಹೇಳಿದ, ಇದು ನಿನಗೆ ತಿಳಿದಿರಲಿ. ನಿಮ್ಮವ್ವ ಕೇಳಬೇಕಲ್ಲ. ಒಳಗೆ ಹೋಗಿ ಉಳಿದ ಹಸಿರು ಬಟ್ಟೆಯನ್ನು ಮಷೀನಿಗೆ ಹಾಕಿ ಮುಕ್ಕಾಲು ಗಂಟೆಯಲ್ಲಿ ತನ್ನ ಅಳತೆಗೆ ಒಂದು ಅಂಗಿ, ಪಾಯಿಜಾಮ, ಮುಸುಕು ಹೊಲಿದುಕೊಂಡು ಬಂದಳು. ಮಾಳಿಗೆಯ ಬಾಗಿಲಲ್ಲಿ ನಿಂತು "ಏನ್ರಿ, ಗಿಣಿ ಆಗೀನಿ ನೋಡ್ರಿ" ಅಂದಳು. ಪಾಯಿಜಾಮದಲ್ಲಿ ಅವಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಕಿರಣ ಬಳೆ ತೆಗೆಸಿದ, ತಾಳಿಯನ್ನು ಅಂಗಿಯೊಳಗೆ ಹಾಕಿಸಿದ. ಕೊರಳಿನ ಲಿಂಗದ ಕರಡಿಗೆಯನ್ನೂ ತೆಗೆದಿಡವ್ವಾ, ಬೆಳ್ಳಿ ಹೊಳೀತದ ಎಂದ. "ಲಿಂಗ ಮೈಮ್ಯಾಲಿಂದ ತಗದ್ರ ನಾ ಇದ್ದೇನು, ಸತ್ತೇನು?" ಎಂದು ಗದರಿದಳು. ಅಂಗಿಯೊಳಗೆ ಇಟ್ಟರೆ ಮಗುವನ್ನು ಅಪ್ಪಿ ಎತ್ತುವಾಗ ಎದೆಗೆ ಒತ್ತುತ್ತದೆ, ಅದಕ್ಕೆ ಹೊರಗೇ ಬಿಟ್ಟು ಅದರ ಮೇಲೆ ಹಸಿರು ಟೇಪು ಸುತ್ತಿದರು. ಆ ಟೇಪು ಯಾವಾಗಲೋ ಬಿಚ್ಚಿ ಬಿದ್ದಿದೆ. ಕಿರಣ ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದ, ನಾನು ಬೆಳಕು ತಿರುಗಿಸಲು ಥರ್ಮಕೋಲ್ ಹಿಡಿದು ಮೂರು ಅಡಿ ದೂರದಲ್ಲಿದ್ದೆ, ಇಬ್ಬರಿಗೂ ಕಾಣಲಿಲ್ಲ. ಯಾಕೆ ಕಾಣುತ್ತದೆ ಹೇಳು? ಅವಳ ಎದೆಯ ಮೇಲೆ ಕರಡಿಗೆ ಇಲ್ಲದ ದಿನವನ್ನು ಅವನು ಹುಟ್ಟಿದಾಗಿನಿಂದ ಕಂಡಿಲ್ಲ, ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಇದ್ದರೆ ಸರಿ ಎಂದೇ ಕಣ್ಣಿಗೆ ರೂಢಿ. ಅದಾದ ನಾಲ್ಕನೇ ದಿನ, ಗುರುವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಕುಸಿದಳು. ಮುಂದಿನದು ನಿನಗೆ ಗೊತ್ತೇ ಇದೆ. ಡಾಕ್ಟರು ಹೃದಯ ಎಂದರು. ಹೃದಯಕ್ಕೆ ನೂರು ಕಾರಣ ಇರುತ್ತದೆ.

ಮೊನ್ನೆ ಶುಕ್ರವಾರ ನಾನೇ ಅವನನ್ನು ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಸಹಿ ಹಾಕುತ್ತೇನೆ, ಅದಕ್ಕಿಂತ ಮೊದಲು ಏನು ಮಾಡಿದ್ದೀಯೋ ಒಮ್ಮೆ ತೋರಿಸು ಎಂದೆ. ತೋರಿಸಿದ. ಹಸಿರೆಲ್ಲ ಹೋಗಿತ್ತು. ನೂರೀನ ಸಂಜೆಯ ಬೆಳಕಿನಲ್ಲಿ ಮೆಲ್ಲಗೆ ಮೇಲೆ ಏಳುತ್ತಿದ್ದಳು, ನಿಜಕ್ಕೂ ಹಾರಿದ ಹಾಗೆಯೇ ಇತ್ತು ತಾಯಿ, ನನ್ನ ಮಗ ಕೆಲಸ ಕಲಿತಿದ್ದಾನೆ. ಅವಳ ಬೆನ್ನ ಬದಿಯಲ್ಲಿ, ಏನೂ ಇಲ್ಲದ ಗಾಳಿಯಲ್ಲಿ, ನಿಮ್ಮವ್ವನ ಬೆಳ್ಳಿ ಕರಡಿಗೆ ಒಂದೇ ತೂಗುತ್ತಿತ್ತು. ಕೈಯಿಲ್ಲ, ಕೊರಳಿಲ್ಲ, ಮುಖವಿಲ್ಲ. ಮಗು ಏರಿದ ಹಾಗೆ ಅದೂ ಅಲುಗುತ್ತದೆ, ನಿಮ್ಮವ್ವ ಉಸಿರು ತೆಗೆದುಕೊಂಡಾಗ ಮೇಲೆ ಕೆಳಗೆ ಆಗುತ್ತದೆ. ನಾನು ಎದ್ದು ನೀರು ಕುಡಿದು ಬಂದೆ.

ಅದು ತಾನಾಗಿ ಹೋಗುವುದಿಲ್ಲವಂತೆ. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ, ಮಗು ಏಳುವ ಹದಿಮೂರು ಸೆಕೆಂಡಿಗೆ ಮುನ್ನೂರ ಹನ್ನೆರಡು. ಒಂದೊಂದರಲ್ಲೂ ಕರಡಿಗೆಯನ್ನು ಕೈಯಾರೆ ಒರೆಸಬೇಕು. ಅವ್ವ ಹೋದ ದಿನ ಅವನು ಅದೇ ಕೆಲಸ ಶುರು ಮಾಡಬೇಕಿತ್ತು. "ಇದಷ್ಟೇ ಉಳದದ ಅಪ್ಪಾ. ಇದನ್ನೂ ನನ್ನ ಕೈಲೆ ಅಳಸಬೇಕೇನು? ಒಮ್ಮೆ ಕೊಂದದ್ದು ಸಾಲದೇನು?" ಎಂದ. ಇಪ್ಪತ್ತೊಂದು ವರ್ಷದ ಗಂಡು ಮಗ, ಮೇಜಿಗೆ ಹಣೆ ಒತ್ತಿ ಅಳುತ್ತಿದ್ದ. ಲಿಂಗವನ್ನು ಅವಳ ಎಡಗೈಯಲ್ಲಿಟ್ಟು ಮಣ್ಣು ಕೊಟ್ಟಾಗಲೂ ಅವನು ಅತ್ತಿರಲಿಲ್ಲ, ನೀನು ಅದನ್ನೂ ಎತ್ತಿ ಆಡಿದ್ದೆ. ನಾನು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ. ಹೇಳಬೇಕಾದ ಮಾತು ಬೇರೆಯೇ ಇತ್ತು, ಎದ್ದು ಉಣ್ಣು ಬಾ ಎಂದೆ.

ಅವನು ಅದನ್ನು ಅಳಿಸಲಿ, ಬಿಡಲಿ, ನನ್ನದೇನೂ ಹಟವಿಲ್ಲ. ಕರಡಿಗೆ ಇರುವ ಹಾಗೆಯೇ ಒಪ್ಪಿಸಿದರೆ ಅವನ ಮೇಷ್ಟ್ರು ತಪ್ಪು ಎಂದು ಅಂಕ ಕಡಿಯಬಹುದು, ಕಡಿಯಲಿ. ಆದರೆ ಅವನು ಸಿನಿಮಾ ಮುಗಿಸಬೇಕು, ಕೊಲೆಗಾರ ಅಂದುಕೊಂಡು ಮೊಬೈಲ್ ಅಂಗಡಿಯಲ್ಲಿ ನಿಲ್ಲಬಾರದು. ನಾನು ಹೇಳಿದರೆ ಅಪ್ಪ ಸಮಾಧಾನಕ್ಕೆ ಹೇಳುತ್ತಾನೆ ಅನ್ನುತ್ತಾನೆ. ಆ ಹೊರೆ ಹಾಕಿದವಳು ನೀನು, ನೀನೇ ತೆಗೆಯಬೇಕು. ಅವನಿಗೆ ಒಂದು ಫೋನ್ ಮಾಡು. ಜಾಸ್ತಿ ಏನೂ ಬೇಡ, ನಿನ್ನ ತಪ್ಪಲ್ಲ ತಮ್ಮಾ ಅಂದರೆ ಸಾಕು. ಅವನನ್ನು ಎರಡು ವರ್ಷ ಸೊಂಟದ ಮೇಲೆ ಹೊತ್ತು ತಿರುಗಿದವಳು ನೀನು, ನಿನ್ನ ಮಾತು ಅವನಿಗೆ ನಾಟಿದ ಹಾಗೆ ನನ್ನ ಮಾತು ಯಾವತ್ತೂ ನಾಟಿಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಬಿಸಿಲಿನಲ್ಲಿ ಬರೀ ಕೊಡೆ ಹಿಡಿದು ಓಡಾಡಬೇಡ, ನೀರಿನ ಬಾಟಲಿ ಜೊತೆಗಿರಲಿ. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ. ನೂರೀನ ಪಕ್ಕದಲ್ಲೇ ಕೂತಿದ್ದಾಳೆ, ತನ್ನ ಹಾಳೆಗೆ ಬದಲು ಹೊಸ ಪುಸ್ತಕ ಕೊಡಿಸಬೇಕೆಂದು ಬರೆಯಲು ಹೇಳುತ್ತಿದ್ದಾಳೆ.

ಇಂತಿ ನಿನ್ನ ಅಪ್ಪ,
ಸಿದ್ರಾಮಪ್ಪ

ತಾ.ಕ.: ಕವರಿಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದೆ. ಇಷ್ಟು ಪುಟ ಬರೆದು ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ಶ್ರಾವಣದಲ್ಲಿ ನಿಮ್ಮವ್ವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಕರೆದುಕೊಂಡು ಹೋಗಿ ತೋರಿಸಿದೆ. ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ನೀರು ತುಂಬಿದ ಕೊಡವನ್ನೂ ಎತ್ತಬಾರದು ಎಂದರು. "ಕಿರಣನ ಪರೀಕ್ಷಿ ಮುಗೀಲಿ, ಮಕ್ಕಳಿಗಿ ಈಗ ಹೇಳಬ್ಯಾಡ್ರಿ" ಎಂದು ನನ್ನಿಂದ ಆಣೆ ತೆಗೆದುಕೊಂಡಳು. ಕಿರಣನಿಗೆ ಇವತ್ತಿಗೂ ಗೊತ್ತಿಲ್ಲ. ಆ ಭಾನುವಾರ ಅವಳು ಮೊದಲ ಸಲ ಮಗುವನ್ನು ಎತ್ತುವಾಗ ನಾನು ಬಾಯಿ ತೆರೆದೆ, ಮುಸುಕಿನೊಳಗಿಂದ ಕಣ್ಣಲ್ಲೇ ಗದರಿದಳು, ಸುಮ್ಮನಾದೆ. ಇದಿಷ್ಟೇ ಆಗಿದ್ದರೆ ಹೇಗೋ ಹೊರುತ್ತಿದ್ದೆ. ಹನ್ನೊಂದನೇ ಸಲಕ್ಕೆ ಕಿರಣ "ಸಾಕವ್ವಾ, ಛಲೋ ಬಂತು" ಎಂದು ಕ್ಯಾಮೆರಾ ನಿಲ್ಲಿಸಿದ್ದ. "ಕೈ ನಡುಗ್ಯಾದ, ನಡೆಯಂಗಿಲ್ಲ, ಮತ್ತೊಮ್ಮೆ ಮಾಡ್ರಿ" ಎಂದವನು ನಾನು. ನನ್ನ ಇನ್‌ಸ್ಪೆಕ್ಷನ್ ಬುದ್ಧಿ. ಪ್ರತಿ ಸಲವೂ ಅವಳ ಕೈ ನಡುಗಿತು, ಪ್ರತಿ ಸಲವೂ ಮತ್ತೊಮ್ಮೆ ಎಂದೆ. ಯಾಕೆ ನಡುಗುತ್ತಿದೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಆಮೇಲಿನ ಎಂಟು ಸಲ ನನ್ನವು. ಅವನು ಸಿನಿಮಾದಲ್ಲಿ ಇಟ್ಟುಕೊಂಡಿರುವುದು ಹನ್ನೊಂದನೆಯದನ್ನೇ. ನೀನು ಅವನನ್ನು ಬೈಯುವಾಗ ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ ಭಾಗ್ಯಾ, ಬಾಯಿ ಬಿಡಲಿಲ್ಲ. ನನ್ನನ್ನು ಏನೆಂದು ಕರೆಯುತ್ತೀಯೋ ಕರೆ, ಮೊದಲು ಅವನಿಗೆ ಫೋನ್ ಮಾಡು. ಈ ಕವರನ್ನು ಅಂಟಿಸುವುದಿಲ್ಲ. ಅಂಚೆಗೆ ಹಾಕಲು ಅವನ ಕೈಗೇ ಕೊಡುತ್ತೇನೆ, ಓದಿ ಹಾಕು ಎಂದು ಹೇಳಿ. ನಿನಗೆ ಇದು ತಲುಪಿದ್ದರೆ, ಅವನು ಓದಿದ್ದಾನೆ ಎಂದು ತಿಳಿ.