ಹದಿನಾಲ್ಕು ಹಂತ ಗೆದ್ದವರಿಗೆ ಇವತ್ತಿನ ಅಡುಗೆ

ರೀ,

ಮತ್ತೆ ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಇವತ್ತೂ ಸಕ್ಕರೆ ಹೆಚ್ಚಿದ್ದರೆ ಹೆರಿಗೆಯವರೆಗೂ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಂತೆ. ಮೊಬೈಲ್ ನನ್ನ ಹತ್ತಿರವೇ ಇದೆ, ಹುಡುಕಬೇಡಿ.

ಬಸುರಿಯರು ಏನು ತಿನ್ನಬೇಕು ಅಂತ ಕಲಿಯಲು ನರ್ಸ್ ಮಾಝ್ನಾ ಮೊಬೈಲ್‌ನಲ್ಲಿ ಹಾಕಿಕೊಟ್ಟ ಆಟವನ್ನು ಕೂತು ಆಡಿದವರು ನೀವು. ನಿನ್ನೆ ಅವರು ಅಂಕ ನೋಡಿ, "ಹದಿನಾಲ್ಕು ಹಂತನೂ ಗೆದ್ದಿದ್ದೀಯಲ್ಲಮ್ಮಾ, ಮತ್ತೆ ಸಕ್ಕರೆ ಯಾಕೆ ಏರ್ತಿದೆ?" ಅಂದರು.

ಆಟದ ಬಸುರಿಗೆ ಅರ್ಧ ತಟ್ಟೆ ತರಕಾರಿ, ಒಂದು ಹಿಡಿ ಅನ್ನ. ಮನೆಯ ಬಸುರಿಗೆ ದಿನಾ ಸಂಜೆ ಕೋತಾ ಬಾರು ಸಂತೆಯಿಂದ ನೀವು ತರುವ, ಬೆಲ್ಲ ಸುರಿದ ಮೊಟ್ಟೆ ಕೇಕು ಅಕೊಕ್. ಬೇಡ ಅಂದರೆ, "ಬಯಕೆ ತೀರಿಸದಿದ್ರೆ ಮಗು ಜೊಲ್ಲು ಸುರಿಸುತ್ತೆ ಅಂತಾಳೆ ಅಮ್ಮ" ಅನ್ನುತ್ತೀರಿ. ಸುರಿಸಲಿ ಬಿಡಿ, ಒರೆಸೋಣ.

ಉಳಿದ ಅಕೊಕ್ ಪಕ್ಕದ ಮನೆಗೆ ಕೊಟ್ಟಿದ್ದೇನೆ. ಮೀನು ತೊಳೆದಿಟ್ಟಿದೆ, ಬದನೆಕಾಯಿ, ಅಲಸಂದೆ ಬುಟ್ಟಿಯಲ್ಲಿವೆ. ಮಧ್ಯಾಹ್ನದ ಅಡುಗೆ ನಿಮ್ಮದು. ನನಗೆ ಏನು ಬಡಿಸಬೇಕೋ ಗೊತ್ತಿಲ್ಲ ಅನ್ನಬೇಡಿ. ನಿಮಗೆ ಎಲ್ಲ ಗೊತ್ತು ಅನ್ನುವುದಕ್ಕೆ ಕ್ಲಿನಿಕ್‌ನಲ್ಲಿ ದಾಖಲೆ ಇದೆ, ನನ್ನ ಹೆಸರಿನಲ್ಲಿ.

ಸುರಾಯ