ಭರಣಿ ಮಳೆಯ ಶುಕ್ರವಾರ

ದೊಡ್ಡಬಳ್ಳಾಪುರ
17 ನವೆಂಬರ್ 2025, ಸೋಮವಾರ ಮಧ್ಯಾಹ್ನ

ನನ್ನ ಮುದ್ದು ವಾಣಿ, ನನ್ನ ಹಟಮಾರಿ ವಾಣಿ, ನನ್ನನ್ನು ಎಲ್ಲ ಕಡೆ ಬ್ಲಾಕ್ ಮಾಡಿ ಕೂತಿರುವ ವಾಣಿಶ್ರೀ,

ಹರಿದು ಹಾಕಬೇಡ. ಪ್ಲೀಸ್. ಹರಿಯುವುದೇ ಆದರೆ ಓದಿ ಮುಗಿಸಿ ಹರಿ.

ಫೋನು ಹೋಗುವುದಿಲ್ಲ, ವಾಟ್ಸಾಪ್‌ನಲ್ಲಿ ನಿನ್ನ ಡಿಪಿ ಮಾಯವಾಗಿದೆ, ಇನ್‌ಸ್ಟಾದಲ್ಲಿ ನೀನೇ ಇಲ್ಲ. ನಿನ್ನೆ ಫೋನ್‌ಪೇಯಲ್ಲಿ ನಿನಗೆ ಒಂದು ರೂಪಾಯಿ ಕಳಿಸಿ ಜೊತೆಗೆ ಸಾರಿ ಎಂದು ಬರೆಯಲು ನೋಡಿದೆ. ಅಲ್ಲೂ ಬ್ಲಾಕ್! ಅಷ್ಟು ದುಃಖದಲ್ಲೂ ನಗು ಬಂತು ಕಣೇ. ಅದಕ್ಕೇ ಈ ಕಾಗದ. ನಿನ್ನ ಫ್ಯಾಕ್ಟರಿ ಗೇಟಿನ ಸೆಕ್ಯೂರಿಟಿಯವರ ಕೈಗೆ ಕೊಟ್ಟುಬರುತ್ತೇನೆ. ಶಿಫ್ಟ್ ಬಿಡುವಾಗ ಅವರು ನಿನ್ನನ್ನು ತಡೆದು ಕೊಡಲೇಬೇಕು, ಆಣೆ ಮಾಡಿಸಿಕೊಳ್ಳುತ್ತೇನೆ.

ಸ್ಕೂಲಿನಲ್ಲಿ ನಾವು ಬರೆದುಕೊಂಡ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಕನ್ನಡ ಮಾತಾಡಿದರೆ ಫೈನ್ ಹಾಕುವ ಸ್ಕೂಲಲ್ಲವೇ ನಮ್ಮದು. ಇದನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಮನಸ್ಸಾದರೆ ನಿಮ್ಮಪ್ಪ ರಾಮಾಂಜಿನಪ್ಪ ಅಂಕಲ್‌ಗೂ ಅಕ್ಕಯಮ್ಮಜ್ಜಿಗೂ ಓದಿ ಹೇಳಬಹುದು.

ಮದುವೆಯಾಗಿ ಏಳು ತಿಂಗಳಾಯಿತು. ಈಗಲೂ ರಿಜ್ವಾನ್ ಬೈಕಿನ ಸದ್ದು ನೆಲಮಂಗಲದ ನಮ್ಮ ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ನಾನು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತೇನೆ. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಗುತ್ತಾರೆ. ಟೀ ಕುಡಿಯುವಾಗ ರಿಜ್ವಾನ್ ಬಿಸ್ಕತ್ತನ್ನು ಮುರಿದು ದೊಡ್ಡ ಚೂರನ್ನು ಏನೂ ಆಗದವರಂತೆ ನನ್ನ ತಟ್ಟೆಗೆ ದೂಡುತ್ತಾರೆ. ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಕೋಪ ಬರಬಹುದು. ನಾಡಿದ್ದು ಬುಧವಾರ ನಿಮ್ಮೂರಿನ ಸಾರ್ವಜನಿಕ ವಿಚಾರಣೆಯಲ್ಲಿ ಮೈಕ್ ಹಿಡಿದು ನೀನು ಹೆಸರು ಹೇಳಬಹುದಾದ ಮನುಷ್ಯ ಇವರು, ಅದಕ್ಕೆ.

ಗುರುವಾರ ನೀನು ಫೋನ್ ಮಾಡಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ನಿಮ್ಮೂರ ಮೇಲೆ ಬರಲಿರುವ ಇಂಡಸ್ಟ್ರಿಯಲ್ ಪಾರ್ಕಿನ ಪರಿಸರ ವರದಿಯನ್ನು ಪಂಚಾಯಿತಿ ಆಫೀಸಿನಲ್ಲಿ ಓದಿದೆ ಎಂದು ನೀನು ಹೇಳಿದೆ. ನಿಮ್ಮ ಹೊಂಗೆಹಳ್ಳವನ್ನು ಬೇಸಿಗೆಯಲ್ಲಿ ನಾಲ್ಕು ಸಲ ನೋಡಿದ್ದಾರಂತೆ, ನಾಲ್ಕು ಸಲವೂ ಹರಿವು ಇರಲಿಲ್ಲವಂತೆ. ಆದ್ದರಿಂದ ಅದು ಹಳ್ಳವೇ ಅಲ್ಲ, ಮಳೆನೀರಿನ ಚರಂಡಿ, ಪೈಪಿನೊಳಗೆ ಹಾಕಿ ಮೇಲೆ ಮಣ್ಣು ಮುಚ್ಚಬಹುದು. ನೋಡಿದವರ ಹೆಸರು ಕೊನೆಯ ಪುಟಗಳಲ್ಲಿದೆ. ರಿಜ್ವಾನ್.

ಆಮೇಲೆ ನೀನು ಕೇಳಿದೆ. "ನಿನ್ ಗಂಡ ನಮ್ಮೂರ್ ಹಳ್ಳಕ್ಕೆ ನಾಲ್ಕ್ ಸಲ ಬಂದಿದ್ರಂತೆ ಕಣೇ. ಒಂದ್ ಸಲನಾದ್ರೂ ನಮ್ಮನೆಗ್ ಬಂದು ನೀರ್ ಕುಡೀಲಿಲ್ವಲ್ಲ, ಯಾಕೆ?"

ನನ್ನ ಬಾಯಿ ಗೊತ್ತಲ್ಲ, ಭಯವಾದರೆ ಇನ್ನೂ ಜೋರಾಗಿ ಓಡುತ್ತದೆ. "ಬಂದಿದ್ರು ಕಣೇ, ನಾನೂ ಜೊತೇಲಿದ್ದೆ, ಮೈ ಗಾಡ್, ಮೇ ತಿಂಗ್ಳಲ್ಲಿ ಎಂಥಾ ಬಿಸಿಲು ಗೊತ್ತಾ, ನಿಮ್ಮನೆವರೆಗೂ ನಡೆಯೋಕಾಗ್ಲಿಲ್ಲ!" ಎಂದುಬಿಟ್ಟೆ.

ಅದಕ್ಕೆ ನೀನು, "ವರದೀಲಿರೋ ಮೇ ತಾರೀಕು ಭರಣಿ ಮಳೆ ಹೊಯ್ದ ಶುಕ್ರವಾರ ಕಣೇ. ಹಳ್ಳ ದಾಟೋ ಕಲ್ಲು ಮುಳುಗಿ, ಅಪ್ಪ ಹಸು ಹಿಡ್ಕೊಂಡು ಕತ್ಲಾಗೋ ತಂಕ ಆ ಕಡೆ ದಡದಲ್ಲಿ ನಿಂತಿದ್ರು. ನಿಂಗೆ ಬಿಸಿಲಾ, ತಂಜೀಲಾ?" ಎಂದೆ. ಅಷ್ಟೇ, ಫೋನ್ ಕಟ್ಟಾಯಿತು.

ನಾನು ಜೊತೆಯಲ್ಲಿರಲಿಲ್ಲ. ಅವರೂ ಅಲ್ಲಿರಲಿಲ್ಲ.

ಮಾರ್ಚಿನಲ್ಲಿ, ಮದುವೆಗೆ ಮೊದಲು, ಒಂದು ಸಲ ನಿಜವಾಗಿಯೂ ಹೋಗಿದ್ದರು. ಆಗ ಹಳ್ಳ ಒಣಗಿತ್ತು, ಅದನ್ನು ನೀನೂ ಒಪ್ಪುತ್ತೀಯ. ಉಳಿದ ಮೂರೂ ನನ್ನ ಜುಮಾಗಿಯ ಶುಕ್ರವಾರಗಳು. ನಿನ್ನನ್ನೂ ಕರೆದಿದ್ದೆನಲ್ಲ, ನಿನಗೆ ರಜೆ ಸಿಗಲಿಲ್ಲ. ಮದುವೆಯ ನಂತರದ ಶುಕ್ರವಾರಗಳಲ್ಲಿ ಮಗಳು-ಅಳಿಯರನ್ನು ತವರಿಗೆ ಕರೆದು ಊಟ ಹಾಕುವ ಪದ್ಧತಿ. ಹೇಗೂ ವಾರವಾರ ದೊಡ್ಡಬಳ್ಳಾಪುರಕ್ಕೆ ಬರುತ್ತೇವೆ, ಅಲ್ಲಿಂದ ಹಳ್ಳ ಹತ್ತಿರ, ಊಟ ಮುಗಿಸಿ ಹೋಗಿ ನೋಡಿಬರುತ್ತೇನೆ ಎಂದು ಅವರು ಭೇಟಿಗಳನ್ನು ಶುಕ್ರವಾರಗಳಿಗೇ ಇಟ್ಟುಕೊಂಡರು. ಎಷ್ಟು ಚೆನ್ನಾಗಿ ಹೊಂದಿತು ನೋಡಿ ಎಂದು ನಾನು ಚಪ್ಪಾಳೆ ತಟ್ಟಿದೆ! ಜುಮಾಗಿಯ ಊಟ ಉಂಡು ಯಾವ ಅಳಿಯ ಎದ್ದು ಬಿಸಿಲಿಗೆ ಹೊರಟಿದ್ದಾನೆ, ನೀನೇ ಹೇಳು. ನಮ್ಮ ಅಮ್ಮಿ ಹಬೀಬುನ್ನೀಸಾ ಬಡಿಸಲು ನಿಂತರೆ ತಟ್ಟೆಯ ತಳ ಕಾಣಿಸುವುದುಂಟೇ? ಮೊದಲನೆಯ ಶುಕ್ರವಾರ ಅವರು ದಿವಾನದ ಮೇಲೆ ಕೂತಲ್ಲೇ ಮಲಗಿಬಿಟ್ಟರು. ಇನ್ನೊಂದು ವಾರ ಹೊಸಕೋಟೆಯಿಂದ ಅಮ್ಮಿಯ ತಂಗಿ, ನಮ್ಮ ಖಾಲಾ, ಸಂಸಾರ ಸಮೇತ ಬಂದಿಳಿದರು. ಇಂಥ ವರದಿಗಳನ್ನು ತಯಾರಿಸುವ ಇವರ ಆಫೀಸಿನಲ್ಲಿ ಜೊತೆಯವರು "ಬೇಸಿಗೇಲಿ ಹಳ್ಳ ಅಂದ್ರೆ ಒಣಗೇ ಇರತ್ತೆ ಗುರು, ನೋಡಿದ್ರೂ ಅಷ್ಟೇ, ನೋಡ್ದಿದ್ರೂ ಅಷ್ಟೇ" ಎಂದರಂತೆ. ಮಾರ್ಚಿನಲ್ಲಿ ಕಂಡದ್ದನ್ನೇ ಇವರು ಮತ್ತೆ ಬರೆದರು.

ಭರಣಿಯ ಶುಕ್ರವಾರ ಹಾಗಲ್ಲ. ಆ ದಿನ ಊಟದ ಮಧ್ಯೆಯೇ ಮೋಡ ಕವಿಯಿತು. ಅವರು ಕೈ ತೊಳೆದು, ನೀರು ತುಂಬಿ ತರುವ ಬಾಟಲಿಗಳ ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲಿಗೆ ಹೋದರೆ ಶೂ ಇಲ್ಲ! ಮದುವೆಯ ದಿನ ನಾದಿನಿಯರು ಭಾವನ ಶೂ ಬಚ್ಚಿಟ್ಟು ಕಾಣಿಕೆ ಕೇಳಬೇಕು, ಅಂದು ಇವರು ತಪ್ಪಿಸಿಕೊಂಡಿದ್ದರು. ಆ ಬಾಕಿ ತೀರಿಸಿಕೊಳ್ಳಲು ನಿಶತ್ ಬಚ್ಚಿಟ್ಟುಬಿಟ್ಟಿದ್ದಳು. ನನ್ನ ತಂಗಿ ಎಂಥ ತರಲೆ ಎಂದು ನಿನಗೆ ಗೊತ್ತು. ಇವರು "ನಕ್ಕೋ ನಿಶತ್, ಬೇಡ, ಜೂತೇ ದೇ, ಕೆಲಸ ಇದೆ" ಎಂದು ಕೈ ಮುಗಿಯುತ್ತಾರೆ, ಅವಳು ಐಸ್‌ಕ್ರೀಮಿಗೆ ಚೌಕಾಸಿ ಮಾಡುತ್ತಾಳೆ, ಅಮ್ಮಿ ಸೆರಗು ಬಾಯಿಗಿಟ್ಟು ನಗುತ್ತಾರೆ. ಅಷ್ಟರಲ್ಲಿ ಮಳೆ ಧೋ ಎಂದು ಇಳಿಯಿತು. "ಹೋಗ್ಲಿ ಬಿಡಿ" ಎಂದು ಕೂತರು. ಅಮ್ಮಿ ಮೆಣಸಿನಕಾಯಿ ಬಜ್ಜಿ ಕರಿದರು. ವಾಣಿ, ನನ್ನ ಜೀವನದ ಅತ್ಯಂತ ಖುಷಿಯ ಮಧ್ಯಾಹ್ನ ಅದು ಎಂದು ಮೊನ್ನೆಯವರೆಗೂ ಅಂದುಕೊಂಡಿದ್ದೆ. ಅದೇ ಹೊತ್ತಿನಲ್ಲಿ ಅಂಕಲ್ ಹಸುವಿನ ಹಗ್ಗ ಹಿಡಿದು ತುಂಬಿದ ಹಳ್ಳದ ಆಚೆ ನಿಂತಿದ್ದರು.

ಈಗ ನಿಮ್ಮೂರಿನವರ ತಕರಾರು ಕೇಳಿ ರಿಜ್ವಾನ್ ಅವರ ಬಾಸ್ ಕರೆದು ಹೇಳಿದ್ದಾರೆ, "ನೋಡಪ್ಪಾ, ಸೈನ್ ನಿಂದು. ಏನಾದ್ರೂ ಎದ್ರೆ ನಾವ್ಯಾರೂ ನಿನ್ ಹಿಂದೆ ಇರಲ್ಲ." ಕೆಲಸ ಹೋಗುತ್ತದೆ. ಸುಳ್ಳು ವರದಿ ಬರೆದವನು ಎಂದು ಒಮ್ಮೆ ಹೆಸರು ಬಂದರೆ ಈ ಕೆಲಸಕ್ಕೆ ಮತ್ತೆ ಯಾರು ಕರೆಯುತ್ತಾರೆ? ಕೇಸೂ ಆಗಬಹುದು ಎನ್ನುತ್ತಾರೆ. ನಾಲ್ಕು ದಿನದಿಂದ ಊಟಕ್ಕೆ ಕೂರುತ್ತಾರೆ, ಏಳುತ್ತಾರೆ. ನಿನ್ನೆ ಬಿಸ್ಕತ್ತು ಮುರಿದು ಎರಡು ಚೂರನ್ನೂ ಟೀಯ ಪಕ್ಕದಲ್ಲೇ ಬಿಟ್ಟು ಹೋದರು. ಆ ತಟ್ಟೆಯನ್ನು ತೊಳೆಯಲು ನನಗೆ ಕೈ ಬರಲಿಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಅಮ್ಮಿಯ ಮನೆಗೆ ಎಂದು ಹೇಳಿ ನಿಮ್ಮೂರಿಗೆ ಬಂದೆ. ಹೌದು, ಬಂದಿದ್ದೆ. ನಿನ್ನ ಕಾಲು ಹಿಡಿಯಲು. ಕೆರೆಯ ಬಗ್ಗೆ ಮಾತಾಡು, ಬಾವಿಯ ಬಗ್ಗೆ ಮಾತಾಡು, ಏನು ಬೇಕಾದರೂ ಹೇಳು, ಆ ಮೂರು ಶುಕ್ರವಾರಗಳನ್ನು ಮಾತ್ರ ಎತ್ತಬೇಡ ಎಂದು ಬೇಡಿಕೊಳ್ಳಲು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದೆ. ನಿನಗೆ ಬೆಳಗಿನ ಶಿಫ್ಟ್ ಎಂಬುದೇ ಮರೆತಿತ್ತು. ಮನೆಗೆ ಬೀಗ. ಅಜ್ಜಿ ಹಳ್ಳದ ಆಚೆ ತೋಟದಲ್ಲಿ ಸೇವಂತಿಗೆ ಬಿಡಿಸುತ್ತಿದ್ದರು.

"ಯಾರವ್ವಾ ಅದು? ಅಯ್ಯೋ, ಮದ್ವೆ ಹೆಣ್ಣು! ಚಪ್ಲಿ ಕೈಲಿ ಹಿಡ್ಕೊಂಡ್ ಬಾ ಮಗಾ, ಕಲ್ಲು ಜಾರ್ತದೆ" ಎಂದು ಅಲ್ಲಿಂದಲೇ ಕೂಗಿದರು.

ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ನೀರು ಮೀನಖಂಡದವರೆಗೆ ಬಂತು. ಎಷ್ಟು ತಣ್ಣಗಿತ್ತು ಕಣೇ. ನನ್ನ ಗಂಡ ಮೂರು ಸಲ ನೋಡಿದೆ ಎಂದು ಬರೆದ ಹಳ್ಳದ ನೀರಿನಲ್ಲಿ ನಿಂತದ್ದು ನಮ್ಮಿಬ್ಬರಲ್ಲಿ ನಾನೇ ಮೊದಲು ಅನ್ನಿಸಿ ಅಲ್ಲೇ ಮಧ್ಯದ ಕಲ್ಲಿನ ಮೇಲೆ ನಿಂತುಬಿಟ್ಟೆ. ಅಜ್ಜಿ, ಹೊಸಾ ಮದುಮಗಳಿಗೆ ಭಯ ಎಂದು ನಕ್ಕು ತಾವೇ ಬಂದು ಕೈ ಹಿಡಿದರು.

ಮದುವೆಯ ದಿನ ಮುಖದ ಮೇಲೆ ಇಳಿಬಿಟ್ಟ ನನ್ನ ಸೆಹ್ರಾದ ಕಾಕಡ ಇದೇ ತೋಟದ್ದು ಎಂದು ಅವರು ಹೇಳಿದ ಮೇಲೆ ನೆನಪಾಯಿತು. ಏಪ್ರಿಲ್ಲಿನ ಸುಡುಬಿಸಿಲಿನಲ್ಲಿ ಬುಟ್ಟಿ ತುಂಬ ಹೂ ತಂದಿದ್ದೆಯಲ್ಲ ನೀನು. ಹಳ್ಳ ಮೇಲೆ ಒಣಗಿದ್ದರೂ ಪಕ್ಕದ ಬಾವಿಗೆ ಅದರದೇ ಒರತೆ ಎಂದರು ಅಜ್ಜಿ.

ಆಮೇಲೆ ಹೇಳಿದರು, "ಅದ್ಯಾವನೋ ಬಂದು ನೋಡಿ ನೀರೇ ಇಲ್ಲ ಅಂತ ಬರ್ಕೊಂಡೋದ್ನಂತೆ. ಕಣ್ಣಿರ್ಲಿಲ್ವೇನೋ ಪಾಪ." ಅವರ ಮುಖ ನೋಡಿದೆ. ಅವರಿಗೆ ಗೊತ್ತೇ ಇಲ್ಲ. ನೀನು ಮನೆಯಲ್ಲಿ ಹೇಳಿಯೇ ಇಲ್ಲ, ವಾಣಿ! ನನ್ನನ್ನು ಬ್ಲಾಕ್ ಮಾಡಿದೆ, ಆದರೆ ಆ ಹೆಸರನ್ನು ನಿಮ್ಮ ಅಪ್ಪನಿಗೂ ಹೇಳಲಿಲ್ಲ.

ಅಂಕಲ್ ಆಫೀಸಿಗೆ ಅಲೆದದ್ದನ್ನೂ ಅಜ್ಜಿ ಹೇಳಿದರು. "ಅಲ್ಲಿ ತಾರೀಕೈತೆ, ಸೈನೈತೆ, ನಿಮ್ಮತ್ರ ಏನೈತೆ ಅಂದ್ರಂತೆ. ಮಳೆ ಬಂದಿತ್ತು ಅಂದ್ರೆ ಸಾಕ್ಷಿ ಎಲ್ಲಿ ಅಂತಾರಂತೆ. ಮನೆಗ್ ಬಂದವ್ನು ಅವತ್ತಿಂದ ಸರ್ಯಾಗಿ ಉಣ್ತಿಲ್ಲ ಕಣವ್ವಾ, ತಟ್ಟೆ ಮುಂದೆ ಕೂತ್ಕಂಡು ಎದ್ದೋಗ್ತಾನೆ." ಹೊರಡುವಾಗ ಮಡಿಲಿಗೆ ಸೇವಂತಿಗೆ ಸುರಿದು, ಮುಂದಿನ ವಾರ ಗಂಡನನ್ನೂ ಕರೆದುಕೊಂಡು ಬಾ, ಅವರೆಕಾಳು ಸಾರು ಮಾಡುತ್ತೇನೆ ಎಂದರು.

ಇಲ್ಲೊಬ್ಬರು ಉಣ್ಣುತ್ತಿಲ್ಲ, ಅಲ್ಲೊಬ್ಬರು ಉಣ್ಣುತ್ತಿಲ್ಲ. ಬಸ್ಸಿನಲ್ಲಿ ಹೂ ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋದ, ಆಮೇಲೆ ವಾಪಸ್ ಬಂದು ಕೇಳಿದ.

ಅಂಕಲ್ ಹತ್ತಿರ ಇಲ್ಲದ ಸಾಕ್ಷಿ ನನ್ನ ಫೋನಿನಲ್ಲಿದೆ. ಆ ಶುಕ್ರವಾರ ತಮ್ಮ ಸಮೀರ್ ತೆಗೆದ ಫೋಟೋ. ಬಾಗಿಲಿನಲ್ಲಿ ರಿಜ್ವಾನ್, ಬರಿಗಾಲು, ಹೆಗಲಲ್ಲಿ ಬಾಟಲಿಯ ಚೀಲ, ನಿಶತ್ ಮುಂದೆ ಕೈ ಮುಗಿದು ನಗುತ್ತಿದ್ದಾರೆ. ಹಿಂದೆ ಬೀದಿಯಲ್ಲಿ ಗೆರೆಗೆರೆಯಾಗಿ ಮಳೆ. ಹಳ್ಳದ ದಡದಲ್ಲಿದ್ದೆ, ಹರಿವಿಲ್ಲ ಎಂದು ಅವರು ವರದಿಯಲ್ಲಿ ಬರೆದ ಅದೇ ದಿನ, ಅದೇ ಹೊತ್ತು. ಗುರುವಾರದಿಂದ ಎಷ್ಟು ಸಲ ಡಿಲೀಟ್ ಮಾಡಲು ಬೆರಳಿಟ್ಟಿದ್ದೇನೋ. ನಾನು ಇಷ್ಟು ಪ್ರೀತಿಸುವ ಮುಖ ಅದರಲ್ಲಿ ಅಷ್ಟು ನಗುತ್ತಿದೆ.

ಬಸ್ಸಿಳಿದು ಸೀದಾ ಸ್ಟ್ಯಾಂಡಿನ ಪಕ್ಕದ ಸ್ಟುಡಿಯೋಗೆ ಹೋಗಿ ಪ್ರಿಂಟ್ ಹಾಕಿಸಿದೆ. ಮೂಲೆಯಲ್ಲಿ ತಾರೀಕು, ಗಂಟೆ ಬರುವಂತೆ ಹಾಕಿ ಎಂದೆ. ಹುಟ್ಟುಹಬ್ಬದ್ದಾ ಮೇಡಂ ಎಂದು ಕೇಳಿದರು. ಹೌದು ಎಂದೆ. ಈ ಕಾಗದದ ಜೊತೆ ಇಟ್ಟಿದ್ದೇನೆ. ಸಾಲದು ಎಂದರೆ ಫೋನನ್ನೇ ತಂದು ತೋರಿಸುತ್ತೇನೆ.

ಅಂಕಲ್‌ಗೆ ಕೊಡು. ಬೇಡ, ಕೊಡಬೇಡ. ಅಯ್ಯೋ, ಕೊಡು ವಾಣಿ, ನನ್ನ ಮಾತು ಕೇಳಬೇಡ. ಕೊಟ್ಟ ಮೇಲೆ ನಾನು ಆ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಇರುತ್ತೇನೋ ಗೊತ್ತಿಲ್ಲ. ಗಂಡನ ಕತ್ತಿಗೆ ಹಗ್ಗ ತಾನೇ ಹೊಸೆದು ಕೊಟ್ಟಳು ಎನ್ನುತ್ತಾರೆ ಅತ್ತೆ, ಹೊಸೆದದ್ದೂ ನಿಜವೇ. ಆದರೆ ಇದು ನನ್ನ ಹತ್ತಿರವೇ ಉಳಿದರೆ ನಾನು ಅಳಿಸಿಯೇ ಅಳಿಸುತ್ತೇನೆ. ನನಗೆ ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲ.

ಕೊಡುವ ಮೊದಲು ಒಂದೇ ಒಂದು ಉಪಕಾರ ಮಾಡು. ನನ್ನನ್ನು ಅನ್‌ಬ್ಲಾಕ್ ಮಾಡಿ ಒಂದು ಮಿಸ್ಡ್ ಕಾಲ್ ಕೊಡು. ಮಾತಾಡಬೇಡ, ಒಂದು ರಿಂಗ್ ಸಾಕು. ಮೈಕಿನಿಂದ ಗೊತ್ತಾಗುವ ಮೊದಲು ಅವರಿಗೆ ನನ್ನ ಬಾಯಿಂದ ಗೊತ್ತಾಗಲಿ. ಇವತ್ತೂ ನಾಳೆಯೂ ಫೋನ್ ಕೈಯಲ್ಲೇ ಹಿಡಿದಿರುತ್ತೇನೆ.

ನಿನ್ನವಳೇ ಆಗಿ ಉಳಿಯಬೇಕೆಂದು ಒದ್ದಾಡುತ್ತಿರುವ,
ತಂಜೀಲಾ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಈ ಕೊನೆಯ ಸಾಲುಗಳನ್ನು ಯಾರಿಗೂ ಓದಿ ಹೇಳಬೇಡ, ನೀನೊಬ್ಬಳೇ ಓದು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು. ನಿಶತ್‌ಳ ಎರಡು ಕೈಯೂ ಖಾಲಿ. ಎಡಗಡೆ ಕದದ ಸಂದಿಯಲ್ಲಿ ದುಪಟ್ಟಾದ ಕೆಳಗೆ ಶೂ ಹಿಡಿದುಕೊಂಡಿರುವ ಒಂದು ಕೈ ಕಾಣುತ್ತದೆ, ಮೊಣಕೈವರೆಗೂ ಮದುವೆಯ ಬಳೆ. ಒಂದು ಮಧ್ಯಾಹ್ನ ಅವರು ನನ್ನ ಹತ್ತಿರವೇ ಇರಲಿ ಎಂದು ಆಸೆಯಾಗಿತ್ತು, ಅಷ್ಟೇ. ಐಸ್‌ಕ್ರೀಮ್ ಕೇಳು, ಹೊತ್ತು ಕಳೆ ಎಂದು ಅವಳಿಗೆ ಕಣ್ಸನ್ನೆ ಮಾಡಿದವಳೂ ನಾನೇ. ರಿಜ್ವಾನ್ ಈಗಲೂ ಅದು ನಿಶತ್‌ಳ ಕೆಲಸ ಎಂದೇ ತಿಳಿದಿದ್ದಾರೆ. ಆ ದಿನ ಅವರು ಹೋಗಬೇಕೆಂದೇ ಎದ್ದಿದ್ದರು, ವಾಣಿ. ಬುಧವಾರ ಅವರ ಹೆಸರು ಹೇಳುವಾಗ ಅದನ್ನೂ ಹೇಳು.