ಬೋರವ್ವ ನೇಕಾರಳಲ್ಲವಂತೆ

ಇಳಕಲ್ಲ,
೧೪ ನವೆಂಬರ್ ೨೦೨೫

ಮುದ್ದಿನ ಮೊಮ್ಮಗಳು ಭುವನೇಶ್ವರಿಗೆ ಅಜ್ಜ ಮಾಡುವ ಆಶೀರ್ವಾದಗಳು.

ಮೈಸೂರಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಅಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲವೆಂದು ನಿನ್ನಮ್ಮ ಸುನಂದಾ ದಿನಾ ಮರುಗುತ್ತಾಳೆ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ತೆರಿಗೆ ಇಲಾಖೆಯ ತರಬೇತಿ ಎಲ್ಲಿಗೆ ಬಂತು? ಮಂದಿಯ ಕಿಸೆಗೆ ಕೈ ಹಾಕುವುದನ್ನು ಕಲಿಸಲು ಇಷ್ಟು ತಿಂಗಳು ಬೇಕೇ ಎಂದು ನನಗೆ ಸೋಜಿಗ. ಸಿಟ್ಟಾಗಬೇಡ ತಾಯಿ. ನಿನಗೆ ನೌಕರಿ ಸಿಕ್ಕಾಗ ಓಣಿಗೆಲ್ಲ ಪೇಢೆ ಹಂಚಿದವನೂ ನಾನೇ.

ಆದರೆ ನಿನ್ನ ಸರ್ಕಾರವನ್ನು ನಾನು ನಂಬುವುದಿಲ್ಲ. ನೂಲಿಗೆ ತೆರಿಗೆ, ಬಣ್ಣಕ್ಕೆ ತೆರಿಗೆ, ನೇಯ್ದ ಸೀರೆಗೂ ತೆರಿಗೆ. ಆಮೇಲೆ ಅದರಲ್ಲೇ ಒಂದು ಚಿಟಿಕೆ ತೆಗೆದು ಸಹಾಯಧನವೆಂದು ಕೊಟ್ಟು ಫೋಟೋ ಹೊಡೆಸಿಕೊಳ್ಳುತ್ತಾರೆ. ನಮ್ಮ ಹಿಟ್ಟಿನಲ್ಲೇ ರೊಟ್ಟಿ ಬಡಿದು ನಮಗೆ ಉಪಕಾರ ಹೇರಿದ ಹಾಗೆ. ಫೋನಿನಲ್ಲಿ ಬಂದ ದುಡ್ಡು ನೋಡಿ ತೆರಿಗೆಯವರು ನೋಟಿಸು ಕೊಟ್ಟಾರೆಂದು ಕೆರೂರಿನ ಬೆಲ್ಲದ ವ್ಯಾಪಾರಿ ದೇವಪ್ಪ ಅಂಗಡಿಯ ಕ್ಯೂಆರ್ ಸ್ಟಿಕರನ್ನೇ ಕಿತ್ತು ಹಾಕಿದ್ದಾನೆ. ಶ್ರಾವಣದಲ್ಲಿ ಬಂದಾಗ ನನಗೂ ಬುದ್ಧಿ ಹೇಳಿದ್ದ: "ಕಾಕಾ, ಎಣಸಾಕ ಬಂದವ್ರು ಸುಮ್ಮನ ಎಣಸೂದಿಲ್ರಿ."

ಅದಾಗಿ ವಾರಕ್ಕೇ ಸರ್ಕಾರದಿಂದ ಮಗ್ಗ ಎಣಿಸುವವನು ಬಂದ. ನಮ್ಮವು ಎರಡು ಮಗ್ಗ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹನ್ನೆರಡು ವರ್ಷದಿಂದ ಹಿಂದಿನ ಓಣಿಯ ಬೋರವ್ವ. ಅವಳು ನೇಯ್ದು ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ದು ಊಟಕ್ಕೆ ಹೋಗಿದ್ದಳು. ಮುಂದಿನ ಸೀರೆಗೆ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವುದು ಬಾಕಿಯಿತ್ತು. ಅಂಥ ಮಗ್ಗ ಹೊಸಬರ ಕಣ್ಣಿಗೆ ಪಾಳು ಬಿದ್ದಂತೆ ಕಾಣುತ್ತದೆ. ಅವನು "ನಿಂತ ಮಗ್ಗ" ಎಂದು ಬರೆದುಕೊಂಡು ಹೋದ.

ಈಗ ನೇಕಾರರ ಪಟ್ಟಿಯಲ್ಲಿ ಬೋರವ್ವನ ಹೆಸರಿಲ್ಲ. ಬಾಗಲಕೋಟೆಯಲ್ಲಿ ನರ್ಸಿಂಗ್ ಓದುವ ಅವಳ ಮಗಳು ಪ್ರಿಯದರ್ಶಿನಿಗೆ ನೇಕಾರರ ಮಕ್ಕಳ ಲೆಕ್ಕದಲ್ಲಿ ಬರುತ್ತಿದ್ದ ವಿದ್ಯಾರ್ಥಿವೇತನ ನಿಂತಿದೆ. ಫೀ ಕಟ್ಟದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲವಂತೆ. "ಅಜ್ಜಾರ, ನಾ ನೇಕಾರಳ ಅಲ್ಲಂತ್ರಿ!" ಎಂದು ಬೋರವ್ವ ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೇಯುವವಳು ನೇಕಾರಳೆನ್ನಲು ಯಾರದೋ ಪಟ್ಟಿ ಏಕೆ ಬೇಕು? ಇದನ್ನು ನಿನ್ನ ಸಾಹೇಬರಿಗೆ ಕೇಳು. ಎಣಿಸಿದವನು ಲಂಚ ತಿಂದಿರಬೇಕೆಂದು ಬೋರವ್ವನ ಅನುಮಾನ. ನಾನೂ ಹೂಂ ಅಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬನಶಂಕರಿ ತಾಯಿ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಜ್ಜ,
ಹೊಳಬಸಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಗ್ಗ ಎಣಿಸಿದ ಆ ಮನುಷ್ಯ ತಾನಾಗಿ ಹಾಗೆ ಬರೆದುಕೊಳ್ಳಲಿಲ್ಲ. "ಇದು ನಡೀತೈತೇನ್ರಿ?" ಎಂದು ಕೇಳಿದ. ದೇವಪ್ಪನ ಮಾತು ತಲೆಯಲ್ಲಿತ್ತು, ಮಗ್ಗಕ್ಕೂ ತೆರಿಗೆ ಹಾಕಿಯಾರೆಂಬ ಅಂಜಿಕೆ. "ನಿಂತು ಭಾಳ ದಿನಾ ಆತು" ಎಂದವನು ನಾನೇ. ಸರ್ಕಾರಕ್ಕೆ ಚಳ್ಳೆಹಣ್ಣು ತಿನ್ನಿಸಿದೆನೆಂದು ಆ ದಿನ ಮೀಸೆ ತಿರುವಿದ್ದೆ. ಹೆಸರು ಮತ್ತೆ ಸೇರಿಸಲು ಮಗ್ಗದ ಮಾಲೀಕನೇ ಅರ್ಜಿ ಹಾಕಬೇಕು, ಮೊದಲು ತಪ್ಪು ಹೇಳಿದ್ದೇಕೆಂದು ಕಾರಣ ಕೊಡಬೇಕು. ಅರ್ಜಿ ಫೋನಿನಲ್ಲಿ ತುಂಬುವಂಥದು, ನನಗೆ ಬಾರದು. ನಾಡಿದ್ದು ಭಾನುವಾರ ಪ್ರಿಯದರ್ಶಿನಿಯೇ ಬಂದು ತುಂಬಿಕೊಡುತ್ತಾಳೆ. ಕಾರಣ ನಾನು ಹೇಳಬೇಕು, ಅವಳು ಬರೆಯಬೇಕು.